ಕೇಸ್ ಶೀಟಿನಲ್ಲಿ ಜಾಗ ಸಿಗದ ಸಾಲುಗಳು

ಹೂ ಕಟ್ಟುವ ಕೈಗಳನ್ನು ಹತ್ತಿರದಿಂದ ನೋಡಿ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಎರಡು ಮೊಗ್ಗು, ಅವಕ್ಕೆ ಎದುರಾಗಿ ಇನ್ನೆರಡು. ತೊಟ್ಟು ಜಜ್ಜಿಹೋಗಬಾರದು, ಜಾರಲೂಬಾರದು. ಬಲಗೈ ದಾರವನ್ನು ಸುತ್ತಿ ತಂದು ಕುಣಿಕೆ ಹಾಕಿ ಎಳೆಯುತ್ತದೆ. ಎಳೆತ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಮುಡಿಗೇರುವ ಮೊದಲೇ ಮೊಗ್ಗು ಉದುರುತ್ತದೆ. ನಡುನಡುವೆ ಕನಕಾಂಬರ ಬರಬೇಕಾದರೆ ಮಲ್ಲಿಗೆ ಎಷ್ಟು ಜೊತೆ ಆಯಿತೆಂಬ ಲೆಕ್ಕ ತಲೆಯಲ್ಲಿರಬೇಕು. ಇದರ ಜೊತೆಗೇ ಗಿರಾಕಿಯೊಂದಿಗೆ ಚೌಕಾಸಿ, ಚಿಲ್ಲರೆ, ಕಣ್ಣಳತೆಯಲ್ಲೇ ಒಂದು ಮೊಳ.

ಹೀಗೆ ಹೂ ಮಾರಿ ಬದುಕುವ ಹೆಂಗಸೊಬ್ಬರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು ಎಂದಿಟ್ಟುಕೊಳ್ಳಿ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅವರ ಎದುರು ಬಂದು ಕೂರುವವರು ಆಕ್ಯುಪೇಷನಲ್ ಥೆರಪಿಸ್ಟ್. ಮೇಲೆ ಹೇಳಿದಂತೆ ಕೆಲಸವನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದೇ ಅವರ ವೃತ್ತಿಯ ಮೊದಲ ಪಾಠ. ಅದಕ್ಕೆ ಅವರು ಆಕ್ಟಿವಿಟಿ ಅನಾಲಿಸಿಸ್ ಎನ್ನುತ್ತಾರೆ. ಯಾವ ಬೆರಳಿಗೆ ಎಷ್ಟು ಬಲ ಬೇಕು, ಎರಡು ಕೈ ಎಲ್ಲಿ ಜೊತೆಗೂಡಬೇಕು, ನೆನಪಿನ ಪಾಲೆಷ್ಟು, ಎಷ್ಟು ಹೊತ್ತು ಕೂರಲು ಸಾಧ್ಯ ಎಂದು ಒಂದೊಂದನ್ನೂ ಗಮನಿಸುತ್ತಾರೆ. ನಮ್ಮಲ್ಲಿ ಆಕ್ಯುಪೇಷನಲ್ ಥೆರಪಿಯನ್ನು ಫಿಸಿಯೋಥೆರಪಿಯ ಇನ್ನೊಂದು ಹೆಸರೆಂದು ತಿಳಿದವರೇ ಹೆಚ್ಚು. ಕೈ ಎಷ್ಟು ಮೇಲೇಳುತ್ತದೆ ಎಂಬ ಲೆಕ್ಕ ಇಬ್ಬರಿಗೂ ಬೇಕು. ಮೇಲೆದ್ದ ಕೈ ಯಾವ ಕೆಲಸಕ್ಕೆ ಮರಳಲು ಕಾದಿದೆ ಎಂಬುದರಿಂದಲೇ ಆಕ್ಯುಪೇಷನಲ್ ಥೆರಪಿಸ್ಟರ ದಿನ ಆರಂಭವಾಗುತ್ತದೆ.

ಇಂಥ ನೋಟ ಒಳ್ಳೆಯ ಕಥೆಗಾರರಲ್ಲಿದೆ, ಧ್ಯಾನದಲ್ಲಿ ಪಳಗಿದವರಲ್ಲೂ ಇದೆ. ಆದ್ದರಿಂದಲೇ ಈ ವೃತ್ತಿಯವರು ಕತೆ, ಕವಿತೆ, ದಿನಚರಿ ಬರೆಯುವುದನ್ನು ಬಿಡುವಿನ ಹವ್ಯಾಸದ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅದು ಅವರ ಕೆಲಸದ್ದೇ ಮುಂದುವರಿಕೆ.

ಈ ನೋಟಕ್ಕೆ ವೃತ್ತಿಯ ಹುಟ್ಟಿನಲ್ಲೇ ಸಾಕ್ಷಿಯಿದೆ. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಮಂದಿ ಸೇರಿ ಆಕ್ಯುಪೇಷನಲ್ ಥೆರಪಿಗೊಂದು ಸಂಘ ಕಟ್ಟಿದರು. ಕರೆದವರು ಜಾರ್ಜ್ ಎಡ್ವರ್ಡ್ ಬಾರ್ಟನ್. ಅವರು ವೈದ್ಯರಲ್ಲ, ವಾಸ್ತುಶಿಲ್ಪಿ. ಕ್ಷಯದಿಂದ ನರಳಿದವರು, ದೇಹದ ಎಡಭಾಗದ ಸ್ವಾಧೀನ ಕಳೆದುಕೊಂಡವರು. ಮರಗೆಲಸ, ತೋಟದ ಕೆಲಸ ಮಾಡುತ್ತ ತಮ್ಮ ಕೈಯನ್ನು ತಾವೇ ಎಚ್ಚರಿಸಿಕೊಂಡರು. ಮನೋವೈದ್ಯ ಅಡಾಲ್ಫ್ ಮೇಯರ್ 1922ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ದುಡಿಮೆ, ಆಟ, ವಿಶ್ರಾಂತಿ, ನಿದ್ದೆ ಇವುಗಳ ಲಯ ಕೆಡುವುದಕ್ಕೂ ಕಾಯಿಲೆಗೂ ಇರುವ ನಂಟನ್ನು ಚರ್ಚಿಸಿದರು. ಭಾರತಕ್ಕೆ ಈ ವೃತ್ತಿಯನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್; 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅವರು ಶಾಲೆ ತೆರೆದರು. ಈಗ ನಮ್ಮ ಮಣಿಪಾಲದಲ್ಲೂ ಇದರ ಪದವಿ ಶಿಕ್ಷಣವಿದೆ.

ಕಷ್ಟ ಶುರುವಾಗುವುದು ಥೆರಪಿಸ್ಟರು ಹೀಗೆ ನೋಡಿದ್ದನ್ನು ಬರೆಯಬೇಕಾದಾಗ. 1960ರ ದಶಕದಲ್ಲಿ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ರೂಪಿಸಿದ ದಾಖಲೆ ಕ್ರಮ ಇಂದು ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ರೋಗಿ ಹೇಳಿದ್ದು, ತಪಾಸಣೆಯಲ್ಲಿ ಕಂಡದ್ದು, ಅದರಿಂದ ತಿಳಿದದ್ದು, ಮುಂದೆ ಮಾಡಬೇಕಾದದ್ದು ಎಂಬ ನಾಲ್ಕು ಭಾಗ. ಒಳ್ಳೆಯ ಕ್ರಮವೇ, ಅದಿಲ್ಲದೆ ಚಿಕಿತ್ಸೆ ದಿಕ್ಕು ತಪ್ಪುತ್ತದೆ. ಆದರೆ 'ಬಲಗೈ ಹಿಡಿತ ಸುಧಾರಿಸಿದೆ, ಮಾಡರೇಟ್ ಅಸಿಸ್ಟ್ (ಮಧ್ಯಮ ಮಟ್ಟದ ನೆರವು) ಬೇಕು' ಎಂಬ ಸಾಲಿನಲ್ಲಿ, ದಾರ ಕೈಗೆ ಸಿಕ್ಕೊಡನೆ ಆ ಹೆಂಗಸಿನ ಮಾತೇ ಬದಲಾದದ್ದು, ಕಟ್ಟಿದ ನಾಲ್ಕು ಮೊಗ್ಗನ್ನು ಯಾರಿಗೂ ಕೊಡದೆ ಸೆರಗಿಗೆ ಗಂಟು ಹಾಕಿಕೊಂಡದ್ದು ಎಲ್ಲಿ ಹಿಡಿಸಬೇಕು?

ಮಾನವಶಾಸ್ತ್ರಜ್ಞೆ ಷೆರಿಲ್ ಮ್ಯಾಟಿಂಗ್ಲಿ 1980ರ ದಶಕದಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರ ಆಕ್ಯುಪೇಷನಲ್ ಥೆರಪಿಸ್ಟರನ್ನು ಬಹುಕಾಲ ಗಮನಿಸಿದರು. ಈ ಥೆರಪಿಸ್ಟರು ಕೇಸ್ ಶೀಟಿನಲ್ಲಿ ಒಂದು ಭಾಷೆ ಬರೆಯುತ್ತಾರೆ, ತಮ್ಮತಮ್ಮಲ್ಲಿ ಮಾತಾಡುವಾಗ ಕತೆ ಹೇಳುತ್ತಾರೆ ಎಂಬುದು ಅವರ ಕಣ್ಣಿಗೆ ಬಿತ್ತು. ಚಿಕಿತ್ಸೆಯ ನಿಜವಾದ ಲೆಕ್ಕಾಚಾರ ಆ ಕತೆಗಳಲ್ಲಿತ್ತು: ಈ ಮನುಷ್ಯ ಯಾರಾಗಿದ್ದ, ಮುಂದೆ ಯಾರಾಗಬಲ್ಲ, ಇವತ್ತಿನ ಅರ್ಧ ಗಂಟೆ ಆ ದಾರಿಯಲ್ಲಿ ಯಾವ ಹೆಜ್ಜೆ? 1998ರಲ್ಲಿ ಹೊರಬಂದ ಅವರ ಪುಸ್ತಕದ ಜೀವಾಳವೇ ಈ ವಿಚಾರ. ದಾಖಲೆಗೆ ಹೋಗದ ಈ ಕೆಲಸ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ನನಗೆ ಇಂದಿಗೂ ಸಂಕಟದ ಸಂಗತಿ.

ಇನ್ನು ಧ್ಯಾನದಲ್ಲಿ ಪಳಗಿದವರ ನೋಟ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಪೂರ್ತಿ ಗಮನ, ಎಂದೊಡನೆ ಕಣ್ಣು ಮುಚ್ಚಿ ಕೂತ ಚಿತ್ರ ಮನಸ್ಸಿಗೆ ಬರುತ್ತದೆ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ ಬೌದ್ಧ ಧ್ಯಾನ ಮತ್ತು ಯೋಗದಿಂದ ಎತ್ತಿಕೊಂಡು ರೂಪಿಸಿದ ಕ್ರಮದಲ್ಲಿ ಒಂದು ಹೆಸರಾಂತ ಅಭ್ಯಾಸ ಒಣದ್ರಾಕ್ಷಿಯದು. ಒಂದೇ ಒಂದು ದ್ರಾಕ್ಷಿಯನ್ನು ಹೊರಳಿಸಿ, ಮೂಸಿ, ನಾಲಿಗೆಯ ಮೇಲಿಟ್ಟು, ನಿಧಾನವಾಗಿ ಅಗಿಯುವುದು. ಥೆರಪಿಸ್ಟರ ದಿನದಲ್ಲಿ ಇದಕ್ಕೆ ದ್ರಾಕ್ಷಿಯೇ ಬೇಕಿಲ್ಲ. ಅಂಗಿಯ ಗುಂಡಿ ಸಾಕು.

ಗುಂಡಿ ಹಾಕಲು ಹೆಣಗುತ್ತಿರುವ ಯಜಮಾನರೊಬ್ಬರ ಮುಂದೆ ಕೂತಿದ್ದೀರಿ. ಗುಂಡಿ ಕಾಜದ ಅಂಚಿಗೆ ಬಂದು ಜಾರುತ್ತದೆ, ಮತ್ತೆ ಬರುತ್ತದೆ, ಮತ್ತೆ ಜಾರುತ್ತದೆ. ಹೊರಗೆ ಬೆಂಚಿನ ಮೇಲೆ ಇನ್ನೂ ಐದಾರು ಜನ ಕಾಯುತ್ತಿದ್ದಾರೆ. ಪಕ್ಕದಲ್ಲಿ ನಿಂತ ಮಗ 'ಬಿಡಪ್ಪ, ನಾನು ಹಾಕ್ತೀನಿ' ಎಂದು ಮುಂದೆ ಬರುತ್ತಾನೆ. ನಿಮ್ಮ ಕೈಯೂ ತಾನಾಗಿಯೇ ಮುಂದಕ್ಕೆ ಚಾಚುತ್ತದೆ. ಇಡೀ ವಿದ್ಯೆ ಪರೀಕ್ಷೆಗೆ ಒಡ್ಡಿಕೊಳ್ಳುವ ಗಳಿಗೆ ಅದು. ಚಾಚಿದ್ದು ಅವರಿಗೆ ಸಹಾಯ ಬೇಕೆಂದೋ, ನಿಮಗೆ ಸಹನೆ ಮುಗಿಯಿತೆಂದೋ? ಈ ಎರಡನ್ನು ಬೇರೆ ಮಾಡಿ ನೋಡಲು ಒಂದು ಉಸಿರಿನಷ್ಟು ಬಿಡುವು ಬೇಕು. ಆ ಬಿಡುವು ಅಭ್ಯಾಸದಿಂದ ಬರುತ್ತದೆ. ಬೇಕಾದಾಗ ಬೇಕಾದಷ್ಟೇ ನೆರವು ಕೊಡುವುದು ಪಠ್ಯಪುಸ್ತಕದಲ್ಲಿ ಒಂದು ಸಾಲು, ಕೈಯಲ್ಲಿ ಅದು ಜೀವನಪೂರ್ತಿ ಕಲಿಯುವ ವಿದ್ಯೆ.

ಇದರ ಜೊತೆಗೇ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ, ಅವರು ಬಸವಳಿದಾಗ ಧ್ಯಾನದ ಶಿಬಿರಕ್ಕೆ ಕಳಿಸುವುದು ಅನ್ಯಾಯ. ಉಸಿರನ್ನು ಗಮನಿಸುವುದರಿಂದ ಖಾಲಿ ಹುದ್ದೆ ಭರ್ತಿಯಾಗುವುದಿಲ್ಲ.

ಬರವಣಿಗೆಯ ಬಗೆಗೂ ಅಷ್ಟೇ ಪ್ರಾಮಾಣಿಕವಾಗಿರೋಣ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬದುಕಿನ ದೊಡ್ಡ ನೋವನ್ನು ಘಟನೆ ಮತ್ತು ಭಾವನೆ ಎರಡೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆ ಮೇಲೆ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡ ಸರಾಸರಿ ಪ್ರಯೋಜನ ಚಿಕ್ಕದು. ಚಿಕ್ಕದಾದರೂ ಪೆನ್ನು, ಹಾಳೆ ಬಿಟ್ಟು ಬೇರೆ ಖರ್ಚಿಲ್ಲ. ಆದರೆ ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಇದು ಮದ್ದಲ್ಲ.

ಥೆರಪಿಸ್ಟರಿಗೆ ಇದಕ್ಕಿಂತ ಹತ್ತಿರದ ದಾರಿಯನ್ನು ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಚರಾನ್. ತಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಅವರು ಇನ್ನೊಂದು ದಾಖಲೆ ಇಡಲು ಹೇಳಿದರು. ಆಸ್ಪತ್ರೆಯ ಕಡತದಲ್ಲಿ ಬರೆಯಲಾಗದ, ಆದರೂ ಎಲ್ಲಾದರೂ ಬರೆಯಲೇಬೇಕಾದ ಸಂಗತಿಗಳನ್ನು ದಿನಬಳಕೆಯ ಮಾತಿನಲ್ಲಿ ಬರೆದು, ಗುಂಪಿನಲ್ಲಿ ಓದುವುದು. ಇದರಲ್ಲಿ ಸಾಹಿತ್ಯದ ಹಂಬಲವಿಲ್ಲ. ನೀವು ಥೆರಪಿಸ್ಟರಾದರೆ ಒಂದೇ ಕ್ರಿಯೆ ಆರಿಸಿಕೊಳ್ಳಿ: ತುತ್ತು ಮಾಡುವುದು, ಸೀರೆಯ ನೆರಿಗೆ ಹಿಡಿಯುವುದು, ಲೋಟ ಎತ್ತುವುದು. 'ಪಾಪ', 'ಧೈರ್ಯವಂತೆ' ಎಂಬ ಮಾತುಗಳನ್ನು ದೂರವಿಟ್ಟು ಕೈ ಏನು ಮಾಡಿತು ಎಂಬುದನ್ನಷ್ಟೇ ಬರೆಯಿರಿ. ಅನ್ನ ಸಾರು ಕಲಸುವಾಗ ಕಿರುಬೆರಳು ಹೊರಗೇ ನಿಂತದ್ದು ಮೊದಲ ಸಲ ಕಣ್ಣಿಗೆ ಬೀಳುವುದು ಹಾಗೆ ಬರೆಯುವಾಗಲೇ. ಮರುದಿನದ ಚಿಕಿತ್ಸೆಗೆ ಅದು ನೇರವಾಗಿ ಒದಗುತ್ತದೆ.

ಗುಟ್ಟು ಕಾಯುವ ಹೊಣೆಯೂ ಬರೆಯುವವರ ಮೇಲಿದೆ. ನಮ್ಮ ಚಿಕ್ಕ ಊರುಗಳಲ್ಲಿ ಹೆಸರು ಬದಲಿಸಿದರೆ ಸಾಲದು, ಕಸುಬು ಹೇಳಿದರೇ ಆಳು ಯಾರೆಂದು ತಿಳಿಯುತ್ತದೆ. ಕಸುಬನ್ನೇ ಬದಲಿಸೋಣವೆಂದರೆ ಕೈಯ ಕತೆಯೇ ಸುಳ್ಳಾಗುತ್ತದೆ. ಆದ್ದರಿಂದ ಇಂಥ ಟಿಪ್ಪಣಿ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು, ಪತ್ರಿಕೆಗೂ ಹೋಗಬಾರದು. ಹೋಗಲೇಬೇಕೆನಿಸಿದರೆ ಅದನ್ನು ರೋಗಿಗೆ ಮೊದಲು ಓದಿ ಹೇಳಿ ಒಪ್ಪಿಗೆ ಕೇಳಬೇಕು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಆಕ್ಯುಪೇಷನಲ್ ಥೆರಪಿ ಕಲಿಸುವ ನಮ್ಮ ಕಾಲೇಜುಗಳು ಇಂಟರ್ನ್‌ಶಿಪ್ ಅವಧಿಯಲ್ಲಿ ವಾರಕ್ಕೆ ಅರ್ಧ ಗಂಟೆಯನ್ನು ಇಂಥ ಬರವಣಿಗೆಗೆಂದೇ ತೆಗೆದಿಡಲಿ. ಕನ್ನಡದಲ್ಲೇ ಬರೆಯಲಿ, ಏಕೆಂದರೆ ಇಲ್ಲಿನ ಎಷ್ಟೋ ರೋಗಿಗಳು ನೋವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ವಿದ್ಯಾರ್ಥಿಗಳು ಮಾತ್ರ ಓದಿದರೆ ಅದು ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ. ವಿಭಾಗದ ಮುಖ್ಯಸ್ಥರೂ ತಮ್ಮದೊಂದು ಪುಟ ತಂದು ಅದೇ ಮೇಜಿನ ಸುತ್ತ ಕೂತು ಓದಲಿ, ಅಂಕ ಯಾರೂ ಹಾಕದಿರಲಿ.