ಅಬ್ಬಿಗೇರಿ ಹೊಲದಲ್ಲಿ ಅಣ್ಣಿಗೇರಿ ಕಡ್ಲಿ

ಮುಂಗಾರಿನ ಹೆಸರು ಕಿತ್ತ ಮೇಲೆ ರೋಣ ಸೀಮೆಯ ರೈತರು ಹೊಲ ಹರಗಿ ಹಿಂಗಾರಿ ಮಳೆಗೆ ಕಾಯುತ್ತಾರೆ. ಅಕ್ಟೋಬರ್‌ನಲ್ಲಿ ಹದ ಸಿಕ್ಕಿತೋ, ಅಬ್ಬಿಗೇರಿಯ ಎರಿ ಹೊಲಗಳಲ್ಲಿ ಕೂರಿಗೆ ಓಡುತ್ತದೆ. ಆಮೇಲೆ ಮಳೆ ಬರಲಿ, ಬಿಡಲಿ, ಕಡಲೆ ಮಣ್ಣಿನ ತೇವದಲ್ಲೇ ಬೆಳೆದು ನೂರು ದಿನದೊಳಗೆ ಕೈಗೆ ಬರಬೇಕು. ಅಂಥ ಬೀಜ ತಾನಾಗಿ ಹುಟ್ಟುವುದಿಲ್ಲ.

ಗದಗ ದಾಟಿ ಧಾರವಾಡದ ಕಡೆ ಹೊರಟರೆ ಪಂಪನ ಊರೆಂದು ಹೆಸರಾದ ಅಣ್ಣಿಗೇರಿ. ಸುಮಾರು ನಾಲ್ಕು ದಶಕ ಉತ್ತರ ಕರ್ನಾಟಕದ ಎರಿಯನ್ನು ಆಳಿದ ಕಡಲೆ ತಳಿಗೆ ಈ ಊರಿನದೇ ಹೆಸರು: ಅಣ್ಣಿಗೇರಿ–1. ಅದರ ಬೆನ್ನಿಗಿದ್ದದ್ದು ಧಾರವಾಡದ ಕೃಷಿ ಸಂಶೋಧನೆಯ ಪರಂಪರೆ. 1947ರಲ್ಲಿ ಕೃಷಿ ಕಾಲೇಜು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ.

ಇದೇ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಜಗತ್ತಿನ ಮೊದಲ ಹೈಬ್ರಿಡ್ ಅದು. ಹತ್ತಿಯ ಕಥೆ ಎಲ್ಲರಿಗೂ ಗೊತ್ತು, ಕಡಲೆಯದು ಅಷ್ಟು ಗೊತ್ತಿಲ್ಲ. ಹೈಬ್ರಿಡ್ ಬೀಜವನ್ನು ರೈತ ಪ್ರತಿ ವರ್ಷ ಕೊಳ್ಳಲೇಬೇಕು, ಹಾಗಾಗಿ ಕಂಪನಿಗಳು ಅದರ ಹಿಂದೆ ಬರುತ್ತವೆ. ಕಡಲೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಮ್ಮೆ ಒಳ್ಳೆಯ ಬೀಜ ತಂದರೆ ಮುಂದಿನ ವರ್ಷಕ್ಕೂ ಮನೆಯದೇ ಆಗುತ್ತದೆ, ನೆರೆಮನೆಯವರಿಗೂ ಸೇರಿನ ಲೆಕ್ಕದಲ್ಲಿ ಕೊಡಬಹುದು. ಇದರಲ್ಲಿ ವ್ಯಾಪಾರಿಗೆ ಲಾಭ ಕಡಿಮೆ. ಆದ್ದರಿಂದಲೇ ಬೇಳೆಕಾಳಿನ ಸಂಶೋಧನೆಯನ್ನು ಸರ್ಕಾರಿ ವಿಶ್ವವಿದ್ಯಾಲಯ ಕೈಬಿಟ್ಟರೆ ಎತ್ತಿಕೊಳ್ಳುವವರು ಸಿಗುವುದು ಕಷ್ಟ. ಹಣ ಕೊಡುವವರು ಇದನ್ನು ಮರೆಯಬಾರದು.

ಅಣ್ಣಿಗೇರಿ–1ಕ್ಕೂ ಒಂದು ಶತ್ರು ಗಂಟುಬಿತ್ತು. ನಿನ್ನೆ ಹಸಿರಾಗಿದ್ದ ಗಿಡ ಇಂದು ಎಲೆ ಜೋಲಿಸಿ ನಿಲ್ಲುತ್ತದೆ. ಕಿತ್ತು ಕಾಂಡ ಸೀಳಿದರೆ ಒಳಗೆ ಉದ್ದಕ್ಕೂ ಕಂದುಗಪ್ಪು ಗೆರೆ. ಇದು ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ. ಕಡಲೆ ಬಿತ್ತದೆ ಬಿಟ್ಟರೂ ಅದು ಐದಾರು ವರ್ಷ ಮಣ್ಣಿನಲ್ಲೇ ಕಾದು ಕೂರಬಲ್ಲದು. ಬಿತ್ತುವ ಮೊದಲು ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಿದರೆ ಸ್ವಲ್ಪ ತಡೆಯಬಹುದು. ಆದರೆ ಗಿಡದ ರಕ್ತದಲ್ಲೇ ತಾಳಿಕೆ ಇದ್ದರೆ ಅದರ ಮಾತೇ ಬೇರೆ.

ಧಾರವಾಡದಿಂದ ಬೇರೆಯಾಗಿ 2009ರಲ್ಲಿ ಹುಟ್ಟಿದ ರಾಯಚೂರು ಕೃಷಿ ವಿಶ್ವವಿದ್ಯಾಲಯ, ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಆ ತಾಳಿಕೆಯನ್ನು ತಂದಿತು. ಡಬ್ಲ್ಯೂಆರ್–315 ಎಂಬ ಕಡಲೆಗೆ ಸೊರಗು ತಾಗುವುದಿಲ್ಲ. ಅದನ್ನು ಅಣ್ಣಿಗೇರಿ–1ರೊಂದಿಗೆ ಕೂಡಿಸಿ, ಹುಟ್ಟಿದ ಸಸಿಗಳನ್ನು ಮತ್ತೆ ಮತ್ತೆ ಅಣ್ಣಿಗೇರಿಗೇ ಕೂಡಿಸಿದರು. ಪ್ರತಿ ಸಲವೂ ಎಳೆ ಎಲೆಯ ಡಿಎನ್‌ಎ ನೋಡಿ, ತಾಳಿಕೆಯ ಗುರುತು ಇರುವ ಸಸಿಯನ್ನಷ್ಟೇ ಉಳಿಸಿಕೊಂಡರು. ರೈತರು ಮೆಚ್ಚಿದ ಗುಣ ಹಾಗೇ ಉಳಿದು, ರೋಗ ತಡೆಯುವ ಗುಣ ಒಂದೇ ಸೇರಿಕೊಂಡಿತು. 2019ರಲ್ಲಿ ಅದು ಸೂಪರ್ ಅಣ್ಣಿಗೇರಿ–1 ಎಂಬ ಹೆಸರಲ್ಲಿ ಹೊರಬಂತು. ಹಳೆಯದಕ್ಕಿಂತ ಸುಮಾರು 7 ಪ್ರತಿಶತ ಹೆಚ್ಚು ಇಳುವರಿ ಎಂಬುದು ಪ್ರಯೋಗದ ಲೆಕ್ಕ.

ಬಿಡುಗಡೆಯಾದ ದಿನವೇ ಬೀಜ ಊರಿಗೆ ಬರುವುದಿಲ್ಲ. ವಿಜ್ಞಾನಿಗಳು ಬೆಳೆದ ಕೆಲವೇ ಮೂಟೆ ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ. ಆಮೇಲೆ ರೈತ ಸಂಪರ್ಕ ಕೇಂದ್ರದ ಸರದಿ. ಗದಗ ಜಿಲ್ಲೆಯಲ್ಲಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ಈ ನಡುದಾರಿಯಲ್ಲಿದೆ. ಕಣ್ಣಾರೆ ಕಂಡದ್ದನ್ನೇ ರೈತ ನಂಬುವುದು, ಅದು ಸರಿಯೂ ಹೌದು. ಪಕ್ಕದ ಹೊಲದ ಒಂದು ಪ್ರಾತ್ಯಕ್ಷಿಕೆ ನೂರು ಕರಪತ್ರಕ್ಕಿಂತ ಮೇಲು.

ಬಿತ್ತಿದ ತಿಂಗಳಿಗೆ ಕುಡಿ ಚಿವುಟುವ ಕೆಲಸ. ಚಿವುಟಿದಷ್ಟೂ ಪಕ್ಕದ ಟಿಸಿಲು ಒಡೆದು ಕಾಯಿ ಹೆಚ್ಚುತ್ತವೆ. ಉಡಿಯಲ್ಲಿ ತುಂಬಿ ತಂದ ಸೊಪ್ಪು ಅಂದಿನ ಪಲ್ಯಕ್ಕಾಗುತ್ತದೆ, ರೊಟ್ಟಿಯ ಜೊತೆ ಅದರ ಹುಳಿಯ ರುಚಿಯೇ ರುಚಿ.

ಅದೇ ಹುಳಿ ಸುಗ್ಗಿಯಲ್ಲಿ ಕಾಡುತ್ತದೆ. ಗಿಡದ ಆಮ್ಲ ಬೆರಳ ಸಂದಿಗಳನ್ನು ಸುಡುತ್ತದೆ. ಬೆಳಗಿನ ತಂಪಿನಲ್ಲಿ ಹೆಣ್ಣುಮಕ್ಕಳು ಕೈಗೆ ಅರಿವೆ ಸುತ್ತಿಕೊಂಡು, ನಡ ಬಗ್ಗಿಸಿ ಕೀಳುತ್ತಾರೆ. ಕೀಳುವ ಆಳು ಸಿಗದೆ ಯಂತ್ರ ತರೋಣವೆಂದರೆ, ಗಿಡ್ಡ ಗಿಡದ ಕಾಯಿ ನೆಲಕ್ಕೆ ಹತ್ತಿರ ಇರುವುದರಿಂದ ಯಂತ್ರದ ಬಾಯಿಗೆ ಸಿಗುವುದಿಲ್ಲ. ರಾಯಚೂರು ವಿಶ್ವವಿದ್ಯಾಲಯದ ಕಲಬುರಗಿ ಕೇಂದ್ರದವರು ಇದಕ್ಕೆಂದೇ ನೆಟ್ಟಗೆ, ಎತ್ತರಕ್ಕೆ ಬೆಳೆಯುವ ಜಿಬಿಎಂ–2 ತಳಿ ಮಾಡಿದ್ದಾರೆ. ಅದರ ಕಾಯಿ ನೆಲದಿಂದ ಮೇಲೆ ಕಟ್ಟುತ್ತದೆ, ಯಂತ್ರ ಅದನ್ನು ನಿಂತಂತೆಯೇ ಕೊಯ್ದು ಒಕ್ಕುತ್ತದೆ.