ನೆತ್ತರ ಲೆಕ್ಕ

ಯಾವ ಊರಿನಲ್ಲಿ ಕೊಲೆಗಳು ಹೆಚ್ಚು ಎಂಬ ಪಟ್ಟಿಯೊಂದು ವರ್ಷಕ್ಕೊಮ್ಮೆಯಾದರೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳದೆ ಇರುವುದಿಲ್ಲ. ಅದನ್ನು ಓದುವ ಕುತೂಹಲಕ್ಕೂ ಪರೀಕ್ಷೆಯ ಫಲಿತಾಂಶ ನೋಡುವ ಕುತೂಹಲಕ್ಕೂ ಬಹಳ ಅಂತರವಿಲ್ಲ. ಮೊದಲು ನಮ್ಮ ಊರಿನ ಹೆಸರನ್ನು ಹುಡುಕುತ್ತೇವೆ; ಅದು ಕೆಳಗೆಲ್ಲೋ ಇದ್ದರೆ ಸಮಾಧಾನಪಟ್ಟು, ಮೇಲಿರುವ ಊರಿನವರ ಸ್ವಭಾವವನ್ನು ಕುರಿತು ಒಂದೆರಡು ಮಾತನಾಡುತ್ತೇವೆ. ‘ಆ ಕಡೆಯ ಜನವೇ ಹಾಗೆ’ ಎಂಬ ತೀರ್ಪನ್ನು ನಾನು ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿದ್ದೇನೆ, ತರಗತಿಯಲ್ಲಿಯೂ ಕೇಳಿದ್ದೇನೆ. ಕನ್ನಡ ಪಾಠ ಹೇಳುವವನಿಗೆ ಈ ಅಂಕಿಗಳ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನನ್ನನ್ನು ಇತ್ತ ಎಳೆದದ್ದು ಅಂಕಿಗಳಲ್ಲ, ಆ ‘ಹಾಗೆ’ ಎಂಬ ಮಾತು. ಆ ಒಂದು ಅವ್ಯಯದ ಬಲದಿಂದ ಒಂದು ಊರನ್ನು, ಒಂದು ಜನಾಂಗವನ್ನೇ ನೇಣಿಗೇರಿಸಿಬಿಡಬಹುದು.

ಲೆಕ್ಕದ ರೀತಿ ಮೇಲುನೋಟಕ್ಕೆ ಸುಲಭ. ವರ್ಷದಲ್ಲಿ ನಡೆದ ಕೊಲೆಗಳನ್ನು ಊರಿನ ಜನಸಂಖ್ಯೆಯಿಂದ ಭಾಗಿಸಿ, ಲಕ್ಷ ಜನರಿಗೆ ಇಷ್ಟು ಎಂದು ಹೇಳುವುದು. ಆದರೆ ಊರು ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಅಮೆರಿಕದ ಸೇಂಟ್ ಲೂಯಿಸ್ ನಗರ ಇಂಥ ಪಟ್ಟಿಗಳ ತಲೆಯಲ್ಲಿ ಅನೇಕ ಸಲ ನಿಂತಿದೆ. 2020ರಲ್ಲಿ, ಮೂರು ಲಕ್ಷ ಜನರಿರುವ ಆ ನಗರದಲ್ಲಿ 260ಕ್ಕೂ ಹೆಚ್ಚು ಕೊಲೆಗಳಾದವು. ಲಕ್ಷಕ್ಕೆ ಎಂಬತ್ತಕ್ಕೂ ಮೀರಿದ ಪ್ರಮಾಣ. ಭಯಂಕರವೇ ಸರಿ. ಆದರೆ ಆ ನಗರ 1876ರಲ್ಲಿಯೇ ತನ್ನ ಸುತ್ತಣ ಕೌಂಟಿಯಿಂದ ಬೇರೆಯಾಗಿ ತನ್ನ ಎಲ್ಲೆಯನ್ನು ಹಾಕಿಕೊಂಡಿತು. ಮುಂದೆ ಬೆಳೆದ ನೆಮ್ಮದಿಯ ಬಡಾವಣೆಗಳೆಲ್ಲ ಆ ಎಲ್ಲೆಯ ಹೊರಗೇ ಉಳಿದವು. ಅವುಗಳ ಜನವನ್ನೆಲ್ಲ ಕೂಡಿಸಿದರೆ ಮೂರು ಲಕ್ಷ ಇಪ್ಪತ್ತೆಂಟು ಲಕ್ಷವಾಗುತ್ತದೆ. ಪಟ್ಟಿಯಲ್ಲಿ ಅದರ ಸ್ಥಾನವೂ ಎಷ್ಟೋ ಕೆಳಗಿಳಿಯುತ್ತದೆ. ಸತ್ತವರು ಸತ್ತವರೇ, ಬದಲಾದದ್ದು ಗೆರೆ ಮಾತ್ರ. ನಮ್ಮ ಬೆಂಗಳೂರಿನ ಲೆಕ್ಕದಲ್ಲಿಯೂ ಇಂಥದೇ ಒಂದು ತೊಡಕಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ಅಲ್ಲಿ ದಾಖಲಿಸಿದ ಕೊಲೆಗಳು ನೂರೆಪ್ಪತ್ತಕ್ಕೆ ತುಸು ಮೇಲು. ಅವನ್ನು ಭಾಗಿಸಿದ್ದು 2011ರ ಜನಗಣತಿಯ 85 ಲಕ್ಷದಿಂದ. ಆ ಹನ್ನೊಂದು ವರ್ಷಗಳಲ್ಲಿ ಬೆಂಗಳೂರಿಗೆ ಬಂದು ಸೇರಿದವರು ಆ ಭಾಜಕದಲ್ಲಿ ಇಲ್ಲವೇ ಇಲ್ಲ.

ಇನ್ನು, ಕೊಲೆ ಎಂದರೆ ಯಾವುದು? ಇದು ನಮ್ಮ ಶಾಸ್ತ್ರಕ್ಕೆ, ಎಂದರೆ ಶಬ್ದಶಾಸ್ತ್ರಕ್ಕೆ, ಸಂಬಂಧಿಸಿದ ಪ್ರಶ್ನೆ. 2022ರಲ್ಲಿ ದೇಶದಲ್ಲೆಲ್ಲ ದಾಖಲಾದ ಕೊಲೆಗಳು 28,522. ಅದೇ ವರ್ಷ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಬೇರೊಂದು ಕಲಮಿನಡಿಯಲ್ಲಿ, ಬೇರೊಂದು ಕೋಷ್ಟಕದಲ್ಲಿ ದಾಖಲಾದವು. ಮದುವೆಯಾದ ಏಳು ವರ್ಷಗಳೊಳಗೆ ಹಿಂಸೆಗೊಳಗಾಗಿ ಅಸಹಜವಾಗಿ ಸತ್ತ ಹೆಣ್ಣುಮಕ್ಕಳು ಅವರು. ಅವರಲ್ಲಿ ಕೆಲವರು ತಾವಾಗಿಯೇ ಪ್ರಾಣ ಕಳೆದುಕೊಂಡವರೂ ಇರಬಹುದು. ಎಲ್ಲವೂ ಕೊಲೆಯೆಂದು ಹೇಳಲು ಬಾರದು. ಆದರೆ ‘ಕೊಲೆ ಕಡಿಮೆಯಾದ ಊರು’ ಎಂದು ಬೆನ್ನು ತಟ್ಟಿಕೊಳ್ಳುವಾಗ ಆ ಅಡುಗೆಮನೆಯ ಸಾವುಗಳು ಪಕ್ಕದ ಪುಟದಲ್ಲಿ ಉಳಿದುಬಿಟ್ಟಿವೆ ಎಂಬುದನ್ನು ಮರೆಯಲಾಗದು.

ಗೆರೆಯನ್ನೂ ಹೆಸರನ್ನೂ ಸರಿಪಡಿಸಿಕೊಂಡ ಮೇಲೆಯೂ ಊರಿಗೂ ಊರಿಗೂ ಇರುವ ಅಂತರ ಉಳಿದೇ ಇರುತ್ತದೆ. ಕೆಲವೆಡೆ ಹತ್ತುಪಟ್ಟು, ಇಪ್ಪತ್ತುಪಟ್ಟು. ಅದಕ್ಕೆ ಕಾರಣವೇನು ಎಂಬ ವಾದಕ್ಕೆ ಹೋಗುವ ಮುನ್ನ ನಾನು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಒಂದು ಹಳೆಯ ಊರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ವಿದ್ಯೆಗೆ ಜಗತ್ತಿನಲ್ಲೆಲ್ಲ ಹೆಸರಾದ ಊರು, ಆಕ್ಸ್‌ಫರ್ಡ್.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಯಾರಾದರೂ ಅಸಹಜವಾಗಿ ಸತ್ತರೆ ಕರೋನರ್ ಎಂಬ ಅಧಿಕಾರಿ ಬಂದು, ನೆರೆಹೊರೆಯವರನ್ನು ಪಂಚರನ್ನಾಗಿ ಕೂಡಿಸಿ, ಎಲ್ಲಿ, ಯಾವ ಆಯುಧದಿಂದ, ಯಾರಿಂದ ಎಂಬುದನ್ನೆಲ್ಲ ವಿಚಾರಿಸಿ ಲ್ಯಾಟಿನ್ನಿನಲ್ಲಿ ಬರೆದಿಡುತ್ತಿದ್ದ. ಆ ಸುರುಳಿಗಳಲ್ಲಿ ಕೆಲವು ಉಳಿದಿವೆ. ಅವುಗಳನ್ನು ಓದಿ ಹದಿನಾಲ್ಕನೆಯ ಶತಮಾನದ ಲಂಡನ್, ಯಾರ್ಕ್, ಆಕ್ಸ್‌ಫರ್ಡ್ ನಗರಗಳ ಕೊಲೆಗಳ ನಕ್ಷೆ ಬರೆದವರು ಕೇಂಬ್ರಿಜಿನ ಮ್ಯಾನುಯೆಲ್ ಐಸ್ನರ್ ಮತ್ತು ಅವರ ಸಂಗಡಿಗರು. (ಆಕ್ಸ್‌ಫರ್ಡಿನ ಕೊಲೆಗಳನ್ನು ಕೇಂಬ್ರಿಜಿನವರು ಎಣಿಸಿದರೆ ಸ್ಪರ್ಧೆಯೆಂದು ನಗುವವರಿಗೆ ಒಂದು ಮಾತು: ಕೇಂಬ್ರಿಜ್ ವಿಶ್ವವಿದ್ಯಾಲಯದ ಹುಟ್ಟಿನಲ್ಲಿಯೇ ಒಂದು ಕೊಲೆಯ ಕತೆಯಿದೆ. 1209ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೆಂಗಸೊಬ್ಬಳ ಕೊಲೆಯಾಗಿ, ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದಾಗ, ಅಂಜಿ ಓಡಿದ ಪಂಡಿತರಲ್ಲಿ ಕೆಲವರು ನೆಲೆಗೊಂಡ ಊರು ಅದು.) ಅವರ ಎಣಿಕೆಯ ಪ್ರಕಾರ 1340ರ ದಶಕದಲ್ಲಿ ಆಕ್ಸ್‌ಫರ್ಡಿನ ಕೊಲೆಯ ಪ್ರಮಾಣ ಲಕ್ಷಕ್ಕೆ 60ರಿಂದ 75, ಅದೇ ಕಾಲದ ಲಂಡನ್ನಿಗಿಂತ, ಯಾರ್ಕಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಊರಿನ ಜನ ಏಳು ಸಾವಿರದಷ್ಟು, ಅವರಲ್ಲಿ ವಿದ್ಯಾರ್ಥಿಗಳು ಸುಮಾರು ಒಂದೂವರೆ ಸಾವಿರ. ಕೊಂದವರಲ್ಲಿ, ಹಿನ್ನೆಲೆ ಗೊತ್ತಾದ ಮಟ್ಟಿಗೆ, ನೂರಕ್ಕೆ 75 ಮಂದಿಯ ಹೆಸರಿನ ಮುಂದೆ ‘ಕ್ಲೆರಿಕಸ್’ ಎಂದು ಬರೆದಿದೆ. ಅಂದರೆ ಬಹುಮಟ್ಟಿಗೆ ವಿದ್ಯಾರ್ಥಿ, ಇಲ್ಲವೆ ವಿದ್ಯಾಪೀಠಕ್ಕೆ ಸೇರಿದವನು. ಸತ್ತವರಲ್ಲಿಯೂ ನೂರಕ್ಕೆ 72 ಮಂದಿ ಅವರೇ.

1355ರ ಫೆಬ್ರವರಿ 10ರಂದು ಸ್ವಿಂಡಲ್‌ಸ್ಟಾಕ್ ಎಂಬ ಪಾನಗೃಹದಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಕೆಲವು ವಿದ್ಯಾರ್ಥಿಗಳು ಜಗಳ ತೆಗೆದರು. ಮಾತಿಗೆ ಮಾತು ಬೆಳೆಯಿತು. ಪಾನಗೃಹದವನ ಮೇಲೆ ಕೈಮಾಡಿದರು. ಗಂಟೆಗಳು ಬಾರಿಸಿದವು, ಹಳ್ಳಿಗಳಿಂದ ಜನ ಬಂದರು. ಎಲ್ಲವೂ ತಣ್ಣಗಾಗುವ ಹೊತ್ತಿಗೆ 63 ಮಂದಿ ವಿದ್ಯಾರ್ಥಿಗಳೂ ಸುಮಾರು 30 ಮಂದಿ ಊರಿನವರೂ ಸತ್ತಿದ್ದರೆಂದು ಹೇಳುತ್ತಾರೆ.

ಈಗ ‘ಆ ಜನವೇ ಹಾಗೆ’ ಎಂಬವರನ್ನು ನಾನು ಕೇಳುವುದಿಷ್ಟು: ಇವರು ಯಾವ ಜನ? ದೇಶದ ಆಯ್ದ ಬುದ್ಧಿವಂತರು. ನಾಳೆಯ ಧರ್ಮಾಧಿಕಾರಿಗಳು, ನ್ಯಾಯವೇತ್ತರು. ಸಂಶೋಧಕರು ಕೊಡುವ ಕಾರಣಗಳು ಬಹಳ ಸರಳವಾದವು. ಹದಿನಾಲ್ಕರಿಂದ ಇಪ್ಪತ್ತೊಂದರ ವಯಸ್ಸು, ಎಲ್ಲರೂ ಗಂಡಸರು, ಮನೆಯ ಹಿರಿಯರ ಕಣ್ಣು ತಪ್ಪಿದವರು, ಬಡಗಣವರು ತೆಂಕಣವರು ಎಂಬ ಗುಂಪುಗಾರಿಕೆ, ಕೈಯೆಟುಕಿನಲ್ಲಿ ಹೆಂಡ, ಸೊಂಟದಲ್ಲಿ ಕಠಾರಿ. ಇದರ ಜೊತೆಗೆ, ಗಾಯವನ್ನು ಮಾಯಿಸುವ ವೈದ್ಯವಿರಲಿಲ್ಲ. ಇಂದು ನಾಲ್ಕು ಹೊಲಿಗೆ ಹಾಕಿ ಮನೆಗೆ ಕಳಿಸುವ ಗಾಯದಿಂದ ಅಂದಿನ ಹುಡುಗ ಕೀವಾಗಿ, ಜ್ವರವೇರಿ, ಹಲವು ದಿನ ನರಳಿ ಸಾಯುತ್ತಿದ್ದ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, 1960ರಿಂದೀಚೆಗೆ ಶಸ್ತ್ರವೈದ್ಯವೂ ಆಂಬುಲೆನ್ಸ್ ವ್ಯವಸ್ಥೆಯೂ ಸುಧಾರಿಸದೆ ಹೋಗಿದ್ದರೆ ಆ ದೇಶದ ಕೊಲೆಗಳು ಹಲವು ಪಟ್ಟು ಹೆಚ್ಚುತ್ತಿದ್ದವೆಂದು ವಾದಿಸಿತು. ಹಾಗಾದರೆ ಒಂದು ಊರಿನ ಕೊಲೆಯ ಪ್ರಮಾಣ ಅದರ ಆಸ್ಪತ್ರೆಯ ದೂರವನ್ನೂ ಅಳೆಯುತ್ತಿರುತ್ತದೆ.

ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಕಂಡ ಹುಡುಗರ ಜಗಳಗಳಿಗೆ ಲೆಕ್ಕವಿಲ್ಲ. ಒಮ್ಮೆ ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಿ ಮುಂದೆ ನಿಲ್ಲುವುದಕ್ಕಾಗಿ ಇಬ್ಬರು ಜಗಳವಾಡಿ, ಒಬ್ಬನು ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಇನ್ನೊಬ್ಬನ ಹಣೆಗೆ ಬೀಸಿದ. ಮೂರು ಹೊಲಿಗೆ ಬಿದ್ದವು. ಮುಂದಿನ ವಾರ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಹಳಗನ್ನಡದ ಪಾಠ ಕೇಳುತ್ತಿದ್ದರು. ಆ ಹುಡುಗನ ಸಿಟ್ಟು ಆಕ್ಸ್‌ಫರ್ಡಿನವನ ಸಿಟ್ಟಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದಾಗಿರಲಿಲ್ಲ, ಕೈಯಲ್ಲಿದ್ದದ್ದು ತಟ್ಟೆ.

ಕೈಯಲ್ಲಿ ಏನಿತ್ತು ಎಂಬ ಈ ಪ್ರಶ್ನೆಯನ್ನೇ ಹಿಡಿದು 1988ರಲ್ಲಿ ವೈದ್ಯರ ಗುಂಪೊಂದು ಎರಡು ನೆರೆಯ ನಗರಗಳನ್ನು ಹೋಲಿಸಿತು. ಅಮೆರಿಕದ ಸಿಯಾಟಲ್, ಕೆನಡಾದ ವ್ಯಾಂಕೂವರ್. ನಡುವೆ ಸುಮಾರು 225 ಕಿಲೋಮೀಟರು. ಹವೆ ಒಂದೇ, ಭಾಷೆ ಒಂದೇ, ವರಮಾನವೂ ಹತ್ತಿರ ಹತ್ತಿರ. 1980ರಿಂದ 1986ರವರೆಗಿನ ಏಳು ವರ್ಷಗಳಲ್ಲಿ ಎರಡೂ ಕಡೆ ಕನ್ನಗಳವು, ಸುಲಿಗೆ, ಹೊಡೆದಾಟಗಳು ಹೆಚ್ಚುಕಡಿಮೆ ಸಮಸಮ. ಆದರೆ ಕೊಲೆಗಳು ಸಿಯಾಟಲ್ಲಿನಲ್ಲಿ 388, ವ್ಯಾಂಕೂವರಿನಲ್ಲಿ 204. ಜನಸಂಖ್ಯೆಯ ವ್ಯತ್ಯಾಸವನ್ನು ಕಳೆದರೂ ಸಿಯಾಟಲ್ಲಿನಲ್ಲಿ ಒಂದೂವರೆಪಟ್ಟಿಗಿಂತ ಹೆಚ್ಚು. ಚಾಕು, ದೊಣ್ಣೆ, ಬರಿಗೈಗಳಿಂದಾದ ಕೊಲೆಗಳು ಎರಡೂ ಊರುಗಳಲ್ಲಿ ಸರಿಸಮ. ವ್ಯತ್ಯಾಸವೆಲ್ಲ ಒಂದೇ ವಸ್ತುವಿನಿಂದ ಬಂದದ್ದು: ಕೈಬಂದೂಕು. ಅದರಿಂದ ಸಾಯುವ ಅಪಾಯ ಸಿಯಾಟಲ್ಲಿನಲ್ಲಿ ಐದುಪಟ್ಟಿನಷ್ಟು.

ವಾದ ಇಲ್ಲಿಗೆ ಮುಗಿಯಬಹುದಿತ್ತು, ಮುಗಿಯಲಿಲ್ಲ. ಎರಡೂ ನಗರಗಳ ಬಿಳಿಯರನ್ನಷ್ಟೇ ಹೋಲಿಸಿದರೆ ಕೊಲೆಯ ಪ್ರಮಾಣ ಬಹುತೇಕ ಒಂದೇ ಆಗಿತ್ತು: ಲಕ್ಷಕ್ಕೆ ಆರು ಚಿಲ್ಲರೆ. ಈ ಅಂಕಿ ಮೂಲ ಲೇಖನದಲ್ಲಿಯೇ ಇತ್ತು. ವಿರೋಧಿಗಳು ಅದನ್ನೆತ್ತಿಕೊಂಡು, ದೋಷ ಬಂದೂಕಿನದಲ್ಲ, ಸಿಯಾಟಲ್ಲಿನ ಕಪ್ಪು ಜನರ ಮತ್ತು ಸ್ಪ್ಯಾನಿಷ್ ಮೂಲದವರ ಕೇರಿಗಳದು ಎಂದರು. ಇದು ತಳ್ಳಿಹಾಕುವ ಮಾತಲ್ಲ. ಬಂದೂಕು ಒಂದೇ ಕಾರಣವಾಗಿದ್ದರೆ ಬಿಳಿಯರಲ್ಲಿಯೂ ಅಂತರ ಕಾಣಬೇಕಿತ್ತು. ಆದರೆ ಇದರಿಂದ ‘ಜನವೇ ಹಾಗೆ’ ಎಂಬಲ್ಲಿಗೆ ಜಿಗಿಯುವವರು ಒಂದು ಮೆಟ್ಟಿಲನ್ನು ನೋಡದೆ ದಾಟುತ್ತಾರೆ. ವ್ಯಾಂಕೂವರಿನ ಕಪ್ಪು ಜನರಲ್ಲಿ ಕೊಲೆಯ ಪ್ರಮಾಣ ಸಿಯಾಟಲ್ಲಿನ ಕಪ್ಪು ಜನರಲ್ಲಿದ್ದದ್ದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಆ ಊರಿನಲ್ಲಿ ಅವರ ಸಂಖ್ಯೆಯೇ ಅತ್ಯಲ್ಪವಾಗಿದ್ದುದರಿಂದ ಈ ಅಂಕಿಯ ಮೇಲೆ ಹೆಚ್ಚು ಭಾರ ಹೊರಿಸಲಾಗದು, ನಿಜ. ಆದರೂ ಬಣ್ಣವೇ ಕಾರಣವೆನ್ನುವವನಿಗೆ ಅದು ಅಡ್ಡಬಂದೇ ಬರುತ್ತದೆ. ಬಡತನ, ಬೇರ್ಪಟ್ಟ ಕೇರಿ, ಪೊಲೀಸರಲ್ಲಿ ಅಪನಂಬಿಕೆ ಇರುವೆಡೆಯಲ್ಲಿ ಸಿಟ್ಟು ಬೇಗ ಕುದಿಯುತ್ತದೆ. ಅಲ್ಲಿ ಬಂದೂಕೂ ಸುಲಭವಾಗಿ ಸಿಕ್ಕರೆ ಎರಡೂ ಕೂಡಿ ಕೊಲ್ಲುತ್ತವೆ. ನನಗೆ ತೋರುವುದು ಹೀಗೆ.

ಇಷ್ಟಾದರೂ ಕಾಲದ ಏರಿಳಿತಕ್ಕೆ ಉತ್ತರ ದೊರಕಿದಂತಾಗಲಿಲ್ಲ. ನ್ಯೂಯಾರ್ಕಿನಲ್ಲಿ 1990ರಲ್ಲಿ 2,245 ಕೊಲೆಗಳು, 2017ರಲ್ಲಿ 292. ಜನ ಕಡಿಮೆಯಾಗಲಿಲ್ಲ, ಹೆಚ್ಚಿದರು. ಬಂದೂಕುಗಳು ದೇಶದಿಂದ ಮಾಯವಾಗಲಿಲ್ಲ. ಪೊಲೀಸರು ಕೀರ್ತಿ ತಮ್ಮದೆಂದರು. ಕ್ರ್ಯಾಕ್ ಎಂಬ ಮಾದಕದ ಹಾವಳಿ ಇಳಿದದ್ದು ಕಾರಣವೆಂದವರುಂಟು. ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದರಿಂದ ಮಕ್ಕಳ ಮಿದುಳು ಉಳಿಯಿತೆಂದವರುಂಟು. ಗರ್ಭಪಾತದ ಕಾನೂನಿನವರೆಗೂ ಹೋದವರುಂಟು. ಒಬ್ಬೊಬ್ಬ ಪಂಡಿತನಿಗೂ ಒಂದೊಂದು ಕಾರಣ ಪ್ರಿಯ. ಆದರೆ ಬೇರೆ ರೀತಿಯ ಪೊಲೀಸು ಕ್ರಮವಿದ್ದ ಅಮೆರಿಕದ ಇತರ ನಗರಗಳಲ್ಲಿಯೂ, ನೆರೆಯ ಕೆನಡಾದಲ್ಲಿಯೂ 1990ರ ದಶಕದಲ್ಲಿ ಕೊಲೆಗಳು ಇಳಿದವು. ಒಂದೇ ಕೀಲಿಕೈಯಿಂದ ಈ ಬೀಗ ತೆರೆಯುವಂತಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಉತ್ತರ ಊರಿನದಲ್ಲ, ಓಣಿಯದು. 1995ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಶಿಕಾಗೋ ನಗರವನ್ನು 343 ನೆರೆಹೊರೆಗಳಾಗಿ ವಿಂಗಡಿಸಿ, 8,782 ಮಂದಿಯ ಮನೆಗೆ ಹೋಗಿ ವಿಚಾರಿಸಿದರು. ನಿಮ್ಮ ಬೀದಿಯ ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನೆರೆಯವರು ಯಾರಾದರೂ ಗದರಿಸುತ್ತಾರೆಯೆ? ದೊಡ್ಡವರಿಗೆ ಅಗೌರವ ತೋರಿದರೆ ಕೇಳುವವರಿದ್ದಾರೆಯೆ? ಇಲ್ಲಿಯವರನ್ನು ನಂಬಬಹುದೆ? ಇಂಥ ಪ್ರಶ್ನೆಗಳು. ಹೌದು ಎಂಬ ಉತ್ತರ ಹೆಚ್ಚಾಗಿ ಬಂದ ಬೀದಿಗಳಲ್ಲಿ, ಬಡತನದ ಪಾಲನ್ನು ಲೆಕ್ಕದಿಂದ ಕಳೆದರೂ, ಹಿಂಸೆ ಕಡಿಮೆಯಿತ್ತು. ಕೆಲವೇ ಬೀದಿಗಳ ಆಚೆ, ಅದೇ ಬಣ್ಣದ ಜನ, ಅಷ್ಟೇ ಬಡವರು; ಸಾವಿನ ಸಂಖ್ಯೆ ಬೇರೆ. ಶಿಕಾಗೋ ಎಂಬ ಒಂದೇ ಹೆಸರಿಗೆ ಒಂದೇ ಅಂಕಿಯನ್ನು ಕಟ್ಟುವ ಪಟ್ಟಿಯಲ್ಲಿ ಇದು ಎಲ್ಲಿ ಕಾಣಬೇಕು?

ನಮ್ಮ ಹಳ್ಳಿಗಳ ಹಿರಿಯರೂ ಹೀಗೆಯೇ ಗದರಿಸುತ್ತಿದ್ದರೆಂದು ಹಿಗ್ಗುವವರು ಸ್ವಲ್ಪ ತಡೆಯಬೇಕು. ಹುಡುಗನನ್ನು ತಡೆದ ಆ ಹಿರಿಯನ ಕಣ್ಣೇ, ಬೇರೆ ಜಾತಿಯವನನ್ನು ಮೆಚ್ಚಿದ ಮಗಳ ಕೊರಳಿಗೆ ಉರುಲಾದದ್ದೂ ಉಂಟು. ಬ್ಯೂರೋದ ಪುಸ್ತಕದಲ್ಲಿ ಮರ್ಯಾದೆಗಾಗಿ ನಡೆದ ಕೊಲೆಗಳಿಗೂ ಒಂದು ಸಾಲು ಮೀಸಲಾಗಿದೆ.

ಅದೇ ಪುಸ್ತಕದಲ್ಲಿ ಕೊಲೆಗಳ ಉದ್ದೇಶಗಳನ್ನು ವಿಂಗಡಿಸಿದ ಪುಟವೊಂದುಂಟು. ವಿದ್ಯಾರ್ಥಿಗಳು ಊರುಗಳ ಪಟ್ಟಿಯನ್ನು ಬಿಟ್ಟು ಅದನ್ನು ತೆರೆಯಬೇಕೆಂದು ನನ್ನ ಆಸೆ. 2022ರ 28,522 ಕೊಲೆಗಳಲ್ಲಿ ಲಾಭಕ್ಕಾಗಿ ನಡೆದವು 1,884. ಹಗೆತನದಿಂದ ನಡೆದವು 3,761. ಎಲ್ಲಕ್ಕಿಂತ ಮೇಲಿನ ಅಂಕಿ 9,962. ಅದರ ಎದುರಿಗೆ ಬರೆದಿರುವ ಶಬ್ದ ‘ವಿವಾದ’. ಹೊಲದ ಬದು, ಆಸ್ತಿಯ ಪಾಲು, ಮನೆಯೊಳಗಿನ ಮಾತು, ಕೊಟ್ಟ ಸಾಲ.