ಖಾಲಿ ಕೈಯಲ್ಲಿ ಮಾರುಕಟ್ಟೆಗೆ ಹೋಗಿ ಬಂದೆವು

ಪುತ್ತೂರು ಕಡೆಯ ಕೃಷಿಕ ಮಿತ್ರರೊಬ್ಬರು 2025ರ ದೀಪಾವಳಿಗೆ ಮೊದಲು ನಮ್ಮ ಮನೆಗೆ ಬಂದಿದ್ದರು. ಅಡಿಕೆಯವರು, ತೋಟದ ಅಂಚಿನಲ್ಲಿ ಎಪ್ಪತ್ತು ತೆಂಗಿನ ಮರ ಇವೆ. ತಿಪಟೂರು ತೆಂಗಿನ ಬೀಜದ ಕಾಯಿ ಒಯ್ಯಲು ಬಂದವರು ಎರಡು ದಿನ ಉಳಿದರು. ಮೊದಲ ದಿನ ಹೊನ್ನವಳ್ಳಿ ತೋರಿಸಿದೆ, ಮರುದಿನ ತಿಪಟೂರಿನ ಕೊಬ್ಬರಿ ಮಾರುಕಟ್ಟೆ. ಎರಡೂ ಕಡೆಗೆ ನಾವು ಮಾರಲು ಏನೂ ಒಯ್ಯಲಿಲ್ಲ. ಮೂವತ್ತು ವರ್ಷದಿಂದ ಕೊಬ್ಬರಿ ಮಾಡುತ್ತಿರುವ ನಾನು ಚೀಲ ಇಲ್ಲದೆ ಆ ಪ್ರಾಂಗಣದೊಳಗೆ ಕಾಲಿಟ್ಟದ್ದು ಅದೇ ಮೊದಲು. ಚೀಲ ಇದ್ದಾಗ ಕಣ್ಣಿಗೆ ಬೀಳದ್ದು ಅವತ್ತು ಬಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೊನ್ನವಳ್ಳಿ ಈಗ ತಿಪಟೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಊರ ಸುತ್ತ ಎತ್ತ ನೋಡಿದರೂ ತೆಂಗು. ಸ್ವರ್ಣಾಂಬಾ ದೇವಿಯ ಗುಡಿ, ಹಳೆಯ ಹೆಂಚಿನ ಮನೆಗಳು, ನಾಲ್ಕು ಅಂಗಡಿ ಸಾಲು. ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸು ಇಳಿದಾಗ ಬೀದಿಯಲ್ಲಿ ಜನಕ್ಕಿಂತ ಬಿಸಿಲೇ ಹೆಚ್ಚು. ಟೀ ಅಂಗಡಿಯಲ್ಲಿ ಕುಳಿತ ಮಿತ್ರರು ಸುತ್ತ ನೋಡಿ, 'ಎಂತ ಮಾರಾಯ್ರೆ, ಇಷ್ಟು ತಣ್ಣಗಿನ ಊರು. ಇದು ಥೇಟ್ ನಾನು ಇಂಗ್ಲೆಂಡಿನಲ್ಲಿ ನೋಡಿದ ಊರಿನ ಹಾಗೇ ಉಂಟಲ್ಲ' ಅಂದರು. ನನಗೆ ನಗು ಬಂತು. ಅವರು ನಗಲಿಲ್ಲ.

ಅವರ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಹೋದಾಗ ಚಿಪ್ಪಿಂಗ್ ಕ್ಯಾಂಪ್ಡೆನ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದನಂತೆ. ಚಿಪ್ಪಿಂಗ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆ. (ನಮ್ಮ ಕಡೆ ಚಿಪ್ಪು ಎಂದರೆ ಕರಟ, ಅದಕ್ಕೂ ಈಗ ಒಳ್ಳೆ ರೇಟು ಅಂದೆ.) ಕುರಿ ಉಣ್ಣೆಯ ವ್ಯಾಪಾರದಿಂದ ಬೆಳೆದ ಊರು. ಬೀದಿಯ ನಡುವೆ ಕಲ್ಲಿನ ಕಮಾನುಗಳ ಒಂದು ಚಾವಡಿ ಇದೆ. ಹಳ್ಳಿಯವರು ಬೆಣ್ಣೆ, ಗಿಣ್ಣು, ಕೋಳಿ ತಂದು ಮಳೆಯಲ್ಲಿ ನೆನೆಯದೆ ಮಾರಲಿ ಎಂದು 1627ರಲ್ಲಿ ಕಟ್ಟಿಸಿದ್ದು. ಚಾವಡಿ ಹಾಗೇ ಇದೆ. ನೆಲದ ಕಲ್ಲು ಸವೆದು ಗುಂಡಿ ಬಿದ್ದಿದೆ. ಇವರು ಹೋದ ದಿನ ಬೆಣ್ಣೆಯೂ ಇಲ್ಲ, ಕೋಳಿಯೂ ಇಲ್ಲ, ಫೋಟೋ ಹೊಡೆಯುವವರು ಮಾತ್ರ.

ಅಲ್ಲಿ ಕೇಳಿಬಂದ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ದೇಶದಲ್ಲಿ ಹಿಂದೆ ಸಂತೆ ನಡೆಸಲು ರಾಜನ ಅಪ್ಪಣೆ ಬೇಕಿತ್ತು. ಒಂದು ಸಂತೆಗೂ ಇನ್ನೊಂದಕ್ಕೂ ಆರೂ ಮುಕ್ಕಾಲು ಮೈಲಿಗೆ ತುಸು ಕಡಿಮೆ ಅಂತರ ಇರಬೇಕು ಎಂದು ಹದಿಮೂರನೇ ಶತಮಾನದ ಅವರ ಕಾನೂನು ಪುಸ್ತಕದಲ್ಲೇ ಇದೆಯಂತೆ. ಲೆಕ್ಕ ಹೀಗೆ: ಮನುಷ್ಯ ಒಂದು ದಿನಕ್ಕೆ ಇಪ್ಪತ್ತು ಮೈಲಿ ನಡೆಯುತ್ತಾನೆ. ದಿನವನ್ನು ಮೂರು ಪಾಲು ಮಾಡಿ. ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಕೊಳ್ಳುವುದು ಮಾರುವುದಕ್ಕೆ, ಒಂದು ಪಾಲು ಕತ್ತಲಾಗುವ ಮೊದಲು ಮನೆ ಸೇರುವುದಕ್ಕೆ.

ನಮ್ಮ ಲೆಕ್ಕದಲ್ಲಿ ಅದು ಹನ್ನೊಂದು ಕಿಲೋಮೀಟರಿಗೆ ತುಸು ಕಡಿಮೆ. ಹೊನ್ನವಳ್ಳಿಯಿಂದ ತಿಪಟೂರಿಗೂ ಹೆಚ್ಚೂಕಡಿಮೆ ಅಷ್ಟೇ ದೂರ! ನಮಗೆ ಯಾವ ರಾಜನೂ ಅಳೆದು ಕೊಡಲಿಲ್ಲ, ಎತ್ತಿನ ಕಾಲು ಅಳೆದು ಕೊಟ್ಟಿತು ಅಷ್ಟೆ.

ಆ ಮೂರನೇ ಪಾಲನ್ನು ನೋಡಿ. ಮನೆಗೆ ವಾಪಸು ಹೋಗುವ ಪಾಲು. ಬೆಲೆ ಸರಿಬರದಿದ್ದರೆ ಮಾಲು ಹೊತ್ತುಕೊಂಡು ಹಿಂದಿರುಗಬಹುದು ಎಂಬುದೂ ಅದರಲ್ಲಿ ಸೇರಿದೆ. ನಮ್ಮ ತಾತ ಗಾಡಿಯಲ್ಲಿ ಕೊಬ್ಬರಿ ಹೇರಿಕೊಂಡು ಹೋಗಿ, ರೇಟು ಹಿಡಿಸದೆ ಅದೇ ಗಾಡಿಯಲ್ಲಿ ವಾಪಸು ತಂದದ್ದನ್ನು ಚಿಕ್ಕವನಿದ್ದಾಗ ನಾನೇ ನೋಡಿದ್ದೇನೆ. ಎತ್ತು ಅವರದ್ದೇ, ಹುಲ್ಲು ಅವರದ್ದೇ. ಹೋದದ್ದು ಒಂದು ದಿನ ಮಾತ್ರ.

ಹೊನ್ನವಳ್ಳಿ ಯಾಕೆ ತಣ್ಣಗಾಯಿತು?

ಈ ಊರು ಮೊದಲಿನಿಂದ ಹೀಗಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹೊನ್ನವಳ್ಳಿಯೇ ತಾಲ್ಲೂಕು ಕೇಂದ್ರ. ಇಲ್ಲಿನ ಗಂಗಾಪಾಣಿ ಎಂಬ ತೆಂಗಿನ ಎಳನೀರಿನ ರುಚಿಯ ಮಾತು ಹಳೆಯ ಮೈಸೂರು ಗೆಜೆಟಿಯರಿನಲ್ಲೂ ಬಂದಿದೆ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಾದಿ ಹಾಕಿದಾಗ ಅದು ತಿಪಟೂರಿನ ಮೇಲೆ ಹೋಯಿತು. ಕಚೇರಿ ಅತ್ತ ಹೋಯಿತು, ಮಂಡಿಗಳು ಅತ್ತ ಹೋದವು. ಉತ್ತರ ಭಾರತಕ್ಕೆ ಹೋಗುವ ಕೊಬ್ಬರಿ ರೈಲು ಹತ್ತಬೇಕು ತಾನೆ? ಆಮೇಲೆ ಲಾರಿ ಬಂದರೂ ವ್ಯಾಪಾರ ಕೂತ ಜಾಗದಿಂದ ಏಳಲಿಲ್ಲ. ಹೊನ್ನವಳ್ಳಿಗೆ ಸಂತೆಯ ತರಕಾರಿ, ಗುಡಿ, ಶಾಲೆ ಉಳಿದವು. ಹೇಮಾವತಿ ನೀರನ್ನು ಎತ್ತಿ ಈ ಹೋಬಳಿಯ ಕೆರೆಗಳಿಗೆ ಬಿಡುವ ಏತ ನೀರಾವರಿ ಯೋಜನೆ ಬಂದ ಮೇಲೆ ಊರಿನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿತು.

ಆದರೆ ಒಂದು ವಸ್ತು ಮಾತ್ರ ಹೊನ್ನವಳ್ಳಿ ಸುತ್ತಿನ ಮನೆಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಅಟ್ಟ. ಮಿತ್ರರಿಗೆ ಊರಿಗಿಂತ ಅದೇ ಹೆಚ್ಚು ಹಿಡಿಸಿತು.

ಕರಾವಳಿಯಲ್ಲಿ ಕಾಯಿ ಒಡೆದು ಎರಡು ಹೋಳು ಮಾಡಿ ಬಿಸಿಲಿಗೆ ಒಣಗಿಸುತ್ತಾರೆ, ಅದು ಗಾಣಕ್ಕೆ ಹೋಗುತ್ತದೆ. ನಮ್ಮದು ಉಂಡೆ ಕೊಬ್ಬರಿ, ತಿನ್ನುವ ಕೊಬ್ಬರಿ. ಚೆನ್ನಾಗಿ ಬಲಿತ, ಹನ್ನೊಂದು ಹನ್ನೆರಡು ತಿಂಗಳು ತುಂಬಿದ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಅಡಿಯಲ್ಲಿ ಸೀಳಿದ ಅಡಿಕೆ ಮರದ್ದೋ ತೆಂಗಿನದ್ದೋ ದಬ್ಬೆ, ನಡುವೆ ಸಂದು. ಗಾಳಿ ಕೆಳಗಿನಿಂದ ಆಡಬೇಕು. ಎಂಟರಿಂದ ಹನ್ನೆರಡು ತಿಂಗಳು ಅಲ್ಲೇ. ಒಳಗಿನ ನೀರು ನಿಧಾನ ಇಂಗುತ್ತದೆ, ತಿರುಳು ಕರಟ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಗಳಗಳ ಎನ್ನಬೇಕು. ಆಗ ಸುಲಿದು, ಕರಟವನ್ನು ಸುತ್ತ ಸಣ್ಣ ಏಟಿನಲ್ಲಿ ಬಿಡಿಸಿದರೆ ಒಳಗಿನ ಉಂಡೆ ಇಡಿಯಾಗಿ ಕೈಗೆ ಬರುತ್ತದೆ. ಒಂದು ಏಟು ಜೋರಾದರೆ ಉಂಡೆ ಒಡಕು. ಒಡಕಿಗೆ ರೇಟು ಇಲ್ಲ. ನಮ್ಮ ತೋಟದ ಕಾಯಿ 750ರಿಂದ 800 ಹಿಡಿಯುತ್ತದೆ ಒಂದು ಕ್ವಿಂಟಲ್ ಕೊಬ್ಬರಿಗೆ.

'ಇದನ್ನು ನಮ್ಮಲ್ಲಿ ಮಾಡಬಹುದಾ?' ಎಂದು ಕೇಳಿದರು. ಕಷ್ಟ ಸ್ವಾಮಿ ಅಂದೆ. ಪುತ್ತೂರಿನ ಒಂದು ಮಳೆಗಾಲದ ಮಳೆ ನಮಗೆ ನಾಲ್ಕೈದು ವರ್ಷಕ್ಕೆ ಸಾಕು. ನಿಮ್ಮ ತೇವಕ್ಕೆ ಅಟ್ಟದ ಕಾಯಿ ಮೊಳಕೆ ಒಡೆಯುತ್ತದೆ, ಇಲ್ಲವೇ ಒಳಗೇ ಕೌಟಾಗುತ್ತದೆ. ಒಣಹವೆಯೇ ನಮ್ಮ ಬಂಡವಾಳ. ಮಳೆ ಕಮ್ಮಿ ಎಂದು ಬೈದುಕೊಳ್ಳುವ ನಾವು ಇದನ್ನು ಮರೆತಿರುತ್ತೇವೆ.

ಮಟ್ಟೆಯೊಳಗೆ, ಕರಟದೊಳಗೆ ಇರುವ ತನಕ ಕೊಬ್ಬರಿ ಕಾಯುತ್ತದೆ. ಒಡೆದು ಚೀಲಕ್ಕೆ ತುಂಬಿದ ಮೇಲೆ ಕಾಯುವುದಿಲ್ಲ, ಮುಂಗಾರಿನ ತಂಡಿಗೆ ಬೂಸಲು ಬರುತ್ತದೆ, ಹುಳು ಬೀಳುತ್ತದೆ. ಅಟ್ಟ ಎಂದರೆ ಬಾಡಿಗೆ ಇಲ್ಲದ ಉಗ್ರಾಣ.

ಮಾರುಕಟ್ಟೆಯಲ್ಲಿ

ಮರುದಿನ ತಿಪಟೂರು. ಕೊಬ್ಬರಿಯ ಟೆಂಡರ್ ವಾರಕ್ಕೆ ಎರಡು ದಿನ. ಬೆಳಿಗ್ಗೆ ಎಂಟಕ್ಕೇ ಆಟೋ, ಟ್ರಾಕ್ಟರ್, ಪಿಕಪ್‌ಗಳ ಸಾಲು. ಮಂಡಿಯ ಮುಂದೆ ಚೀಲ ಸುರಿದಾಗ ಆಗುವ ಸದ್ದು ಕಲ್ಲು ಸುರಿದ ಹಾಗೆ. ಸದ್ದಿನಲ್ಲೇ ಹದ ತಿಳಿಯುತ್ತದೆ, ಹಸಿ ಇದ್ದರೆ ಧಪ್ ಎನ್ನುತ್ತದೆ. ಕೊಳ್ಳುವವರು ಬಂದು ಒಂದನ್ನು ಎತ್ತುತ್ತಾರೆ, ಉಗುರಿನಿಂದ ಗೀರುತ್ತಾರೆ, ಮೂಸುತ್ತಾರೆ, ಇನ್ನೊಂದಕ್ಕೆ ತಾಕಿಸಿ ಕೇಳುತ್ತಾರೆ. ಇಷ್ಟೇ. ನಮ್ಮ ಒಂದು ವರ್ಷದ ದುಡಿಮೆಗೆ ಅವರು ಕೊಡುವುದು ಅರ್ಧ ನಿಮಿಷ.

ಬೆಂಬಲ ಬೆಲೆಗೆ ಕೊಳ್ಳುವಾಗ ಉಂಡೆ ಕೊಬ್ಬರಿಯಲ್ಲಿ ತೇವಾಂಶ ಶೇಕಡಾ 7 ಮೀರುವಂತಿಲ್ಲ. ವರ್ತಕರ ಬಳಿಯೂ ಹೆಚ್ಚೂಕಡಿಮೆ ಅದೇ ಹದ. ಬೆಲೆಯನ್ನು ಈಗ ಇ-ಟೆಂಡರಿನಲ್ಲಿ ಹಾಕುತ್ತಾರೆ, ಪ್ರತಿ ಲಾಟಿಗೆ ಹೆಚ್ಚು ಬರೆದವನಿಗೆ ಮಾಲು. ಆಮೇಲೆ ಹೆಂಗಸರು ಗಾತ್ರ ನೋಡಿ ಬೇರೆ ಮಾಡುತ್ತಾರೆ. ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಕಡೆ ಹಬ್ಬಕ್ಕೆ, ಮದುವೆಗೆ ಹೋಗುವ ಮಾಲು ಇದು. ದೀಪಾವಳಿ ಮುಂಚೆ ಬೇಡಿಕೆ ಏರುವುದು ಅದಕ್ಕೇ.

ಎರಡು ವಿಷಯ ನಮ್ಮವರಿಗೆ ಗೊತ್ತಿದ್ದೂ ಬಾಯಿಬಿಡುವುದಿಲ್ಲ. ನಮ್ಮ ರಾಜ್ಯದ ಕಾನೂನಿನಲ್ಲಿ ದಲ್ಲಾಲಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಮಾರದೆ ಇರುವ ಹಕ್ಕೂ ರೈತನಿಗಿದೆ. ಮಿತ್ರರು ಇದನ್ನು ಕೇಳಿದ ಕೂಡಲೇ, 'ಹಾಗಾದರೆ ಇವತ್ತು ಎಷ್ಟು ಜನ ವಾಪಸು ತೆಗೆದುಕೊಂಡು ಹೋಗ್ತಾರೆ?' ಅಂದರು. ನಾವು ಸಂಜೆವರೆಗೆ ಇದ್ದೆವು. ತುಂಬಿದ ಗಾಡಿ ಒಂದೂ ವಾಪಸು ಹೋಗಿದ್ದನ್ನು ಕಾಣಲಿಲ್ಲ.

ಅವತ್ತು ರೇಟು ಚೆನ್ನಾಗಿತ್ತು, ಕ್ವಿಂಟಲಿಗೆ 20 ಸಾವಿರದ ಮೇಲೆ. ವಾಪಸು ಒಯ್ಯುವ ಮಾತೇ ಇಲ್ಲ. ಆದರೆ 2023ರಲ್ಲಿ? ಆಗಲೂ ಯಾರೂ ಒಯ್ಯಲಿಲ್ಲ. ನಾನೂ ಒಯ್ಯಲಿಲ್ಲ.

ನನ್ನ ಲೆಕ್ಕ ಹೇಳುತ್ತೇನೆ. 2023ರ ಮಳೆಗಾಲ ಮುಗಿಯುವ ಹೊತ್ತಿಗೆ ಧಾರಣೆ 8 ಸಾವಿರದ ಆಸುಪಾಸಿಗೆ ಇಳಿದಿತ್ತು. ಆ ವರ್ಷದ ಬೆಂಬಲ ಬೆಲೆ 11,750. ನಾನು ಬೋರ್‌ವೆಲ್ ಮೋಟಾರಿಗೆಂದು ಒಂದು ಮಂಡಿಯಲ್ಲಿ ಮುಂಗಡ ತಂದಿದ್ದೆ. ತಂದ ಮೇಲೆ ಕೊಬ್ಬರಿ ಅಲ್ಲಿಗೇ ಹಾಕಬೇಕು, ಅವರು ಕರೆದಾಗ ಹಾಕಬೇಕು. ಅಟ್ಟದಲ್ಲಿದ್ದದ್ದನ್ನೆಲ್ಲ ಒಂದೇ ಸಲ ಒಡೆಸಿ 9 ಕ್ವಿಂಟಲ್ ಒಯ್ದೆ. 7,900ಕ್ಕೆ ಬರೆದರು. ಬೇಡ ಎನ್ನಲು ಬಾಯಿಗೆ ಬಂತು. ಆಟೋದವನು ಬಾಡಿಗೆ ಇಸಕೊಂಡು ಹೋಗಿ ಆಗಿತ್ತು. ವಾಪಸು ಬಾಡಿಗೆ, ಹಮಾಲಿ, ಒಡೆದ ಕೊಬ್ಬರಿ, ಮೇಲೆ ಮೋಡ. 71,100 ರೂಪಾಯಿಗೆ ಕೊಟ್ಟು, ಮುಂಗಡ ಹಿಡಿದುಕೊಂಡು ಉಳಿದದ್ದನ್ನು ತಂದೆ.

2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರಕಾರದ 1,500 ಅದರ ಮೇಲೆ. ನೋಂದಣಿಗೆ ರಾತ್ರಿಯಿಂದಲೇ ಸಾಲು ನಿಂತು ಕೊಟ್ಟವರಿಗೆ 13,500 ಬಿತ್ತು. ನನ್ನ 9 ಕ್ವಿಂಟಲಿಗೆ 1,21,500 ಆಗುತ್ತಿತ್ತು. ವ್ಯತ್ಯಾಸ 50,400. ಕೆಲವೇ ತಿಂಗಳಿನದ್ದು. ಆ ಹೊತ್ತಿಗೆ ನನ್ನ ಅಟ್ಟದಲ್ಲಿ ಇದ್ದದ್ದು ಇಲಿ.

ಮಂಡಿಯವರನ್ನು ಬೈದು ಪ್ರಯೋಜನ ಇಲ್ಲ, ಅವರು ಕಷ್ಟಕ್ಕೆ ದುಡ್ಡು ಕೊಟ್ಟಿದ್ದರು. ತಪ್ಪು ಎರಡು ಕಡೆ ನನ್ನದೇ. ಮುಂಗಡ ತಂದದ್ದು ಒಂದು. ಕಾಯಿಯನ್ನೆಲ್ಲ ಒಟ್ಟಿಗೇ ಒಡೆಸಿದ್ದು ಇನ್ನೊಂದು. ಒಡೆಯುವವರು ಸಿಗುವುದಿಲ್ಲ, ಬಂದಾಗ ಮುಗಿಸಿಬಿಡೋಣ ಎಂಬ ಅವಸರ. ಒಡೆಸುವ ಮೊದಲು ಎರಡು ಟೆಂಡರ್ ದಿನ ಬಸ್ಸಿನಲ್ಲಿ ಬರಿಗೈಲಿ ಹೋಗಿ ನೋಡಿದ್ದರೆ ಸಾಕಿತ್ತು. ಬಸ್ ಚಾರ್ಜು ಬಿಟ್ಟರೆ ಖರ್ಚೇನು?

ಈಗ ನಾನು ಮಾಡಿಕೊಂಡಿರುವುದು ಇಷ್ಟು. ಒಡೆಸುವುದನ್ನು ಮೂರು ಕಂತು ಮಾಡಿದ್ದೇನೆ. ಒಂದು ಸಲಕ್ಕೆ ಎರಡು ಮೂರು ಕ್ವಿಂಟಲ್ ಮಾತ್ರ. ನೆರೆಯ ಇಬ್ಬರು ಸಣ್ಣ ರೈತರೂ ನಾನೂ ಒಂದೇ ದಿನ ಒಡೆಸಿ ಒಂದೇ ಗಾಡಿಗೆ ಹಾಕುತ್ತೇವೆ, ಒಡೆಯುವ ತಂಡಕ್ಕೂ ಪೂರ್ತಿ ದಿನದ ಕೆಲಸ ಸಿಗುವುದರಿಂದ ಬರುತ್ತಾರೆ. ತುರ್ತು ಹಣಕ್ಕೆ ಒಂದಿಷ್ಟು ಕಾಯನ್ನು ಹಸಿಯಾಗಿಯೇ ಮಾರುತ್ತೇನೆ, ಮುಂಗಡ ತರುವುದಿಲ್ಲ. ಉಗ್ರಾಣದಲ್ಲಿ ಇಟ್ಟು ಅಡಮಾನ ಸಾಲ ಪಡೆಯುವ ದಾರಿಯೂ ಇದೆ. ನಾನು ಅದನ್ನು ಮಾಡಿ ನೋಡಿಲ್ಲ, ಮಾಡಿದವರು ಬರೆಯಲಿ.

ಇದಕ್ಕೂ ಮಿತಿ ಇದೆ. 2025ರಲ್ಲಿ ಧಾರಣೆ ಏರಿದಾಗ ತೋಟಕ್ಕೇ ಬಂದು ಹಸಿಕಾಯಿ ಕೇಳಿದರು. ವರ್ಷ ಕಾಯುವ ಬದಲು ಕಣ್ಣೆದುರಿನ ದುಡ್ಡು ಎಂದು ನಮ್ಮ ಊರಿನ ಅರ್ಧ ಅಟ್ಟ ಖಾಲಿಯಾಯಿತು. ಅವರು ಮಾಡಿದ್ದು ತಪ್ಪು ಎನ್ನಲಾರೆ. ಬರ, ಕಪ್ಪುತಲೆ ಹುಳ, ನುಸಿ ಎಲ್ಲಾ ಸೇರಿ ಫಸಲು ಅರ್ಧ ಆದವನು ವರ್ಷ ಕಾಯುವುದು ಹೇಗೆ? ಅಟ್ಟ ಹಾಕಿಸುವುದಕ್ಕೇ ದುಡ್ಡು ಬೇಕು, ಈಗಿನ ಆರ್‌ಸಿಸಿ ಮನೆಗೆ ಅಟ್ಟವೂ ಇಲ್ಲ. ಹೊಸ ಮನೆ ಕಟ್ಟುವ ಹುಡುಗರಿಗೆ ಹಿತ್ತಲಲ್ಲಿ ತಗಡಿನ ಒಂದು ಕೊಬ್ಬರಿ ಶೆಡ್ ಆದರೂ ಮಾಡಿಕೊಳ್ಳಿ ಎನ್ನುತ್ತೇನೆ, ನೆಲದಿಂದ ಮೂರಡಿ ಎತ್ತರದಲ್ಲಿ ದಬ್ಬೆ ಹಾಕಿ.

ಮಿತ್ರರಿಗೆ ಬೀಜದ ಕಾಯಿ ಇಪ್ಪತ್ತೈದು ಆರಿಸಿ ಕೊಟ್ಟೆ, ಮೂವತ್ತು ದಾಟಿದ, ಪ್ರತಿವರ್ಷ ತಪ್ಪದೆ ಬಿಡುವ ಎರಡು ಮರದ್ದು. ಹೆಚ್ಚು ಬೇಕಾದರೆ ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಅರಸೀಕೆರೆ ಸಂಶೋಧನಾ ಕೇಂದ್ರದಲ್ಲೋ ಸಸಿ ವಿಚಾರಿಸಿ ಅಂದೆ. ಹೊರಡುವ ಮೊದಲು ಏಣಿ ಹತ್ತಿ ಅಟ್ಟ ನೋಡಬೇಕು ಅಂದರು. ಎರಡೂವರೆ ಸಾವಿರ ಕಾಯಿ ಇತ್ತು. ಗೋಡೆ ಬದಿಯಿಂದ ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರು, ಗಳಗಳ ಅಂತು. ಮುಂದಿನ ಸಾಲಿನದ್ದನ್ನು ಅಲ್ಲಾಡಿಸಿದರು, ಇನ್ನೂ ನೀರು. ಅದು ಯುಗಾದಿ ಕಳೆದ ಮೇಲಿನದ್ದು ಅಂದೆ.